ಸೋಫಾದ ಗವಸು: ಸಿದ್ಧವಾಗಿ ಕೊಳ್ಳುವುದೇ, ಅಳತೆ ಕೊಟ್ಟು ಹೊಲಿಸುವುದೇ, ನಾವೇ ಹೊಲಿಯುವುದೇ?

ಮರದ ಚೌಕಟ್ಟು ಗಟ್ಟಿಯಾಗಿದೆ, ಸ್ಪ್ರಿಂಗು ಸರಿಯಾಗಿದೆ, ಕೂತರೆ ಹಿತವಾಗಿದೆ. ಆದರೆ ಮೇಲಿನ ಬಟ್ಟೆ ಮಾಸಿದೆ, ಕೈಯಿಡುವ ಜಾಗ ಎಣ್ಣೆಗಪ್ಪಾಗಿದೆ, ಒಂದು ಮೂಲೆಯಲ್ಲಿ ಸ್ಪಂಜು ಇಣುಕುತ್ತಿದೆ. ಇಂಥ ಸೋಫಾವನ್ನು ಎಸೆಯಲು ಮನಸ್ಸಿಲ್ಲದೆ, ಇಟ್ಟುಕೊಳ್ಳಲು ಮುಜುಗರವಾಗಿ ತೊಳಲಾಡುವವರು ಬಹಳ ಮಂದಿ. ನೆಂಟರಲ್ಲಿ, ನೆರೆಹೊರೆಯಲ್ಲಿ ಯಾರಾದರೊಬ್ಬರು ಹಬ್ಬಕ್ಕೆ ಮೊದಲು ನನ್ನನ್ನು ಕೇಳಿಯೇ ಕೇಳುತ್ತಾರೆ: ಆನ್‌ಲೈನ್‌ನಲ್ಲಿ ಸಿಗುವ ಹಿಗ್ಗುವ ಗವಸು ತರಿಸಲೇ, ಅಳತೆ ಕಳುಹಿಸಿ ಮಾಡಿಸಲೇ, ಊರಿನ ಕೆಲಸಗಾರನನ್ನು ಕರೆಯಲೇ, ಇಲ್ಲವೇ ಮನೆಯ ಯಂತ್ರದಲ್ಲಿ ನಾನೇ ಹೊಲಿದುಬಿಡಲೇ?

ಈ ನಾಲ್ಕೂ ದಾರಿಗಳಲ್ಲಿ ನಾನು ನಡೆದಿದ್ದೇನೆ. ಶಿವಮೊಗ್ಗದ ಮನೆಯಲ್ಲಿ ಅಮ್ಮನ ಬೆತ್ತದ ಸೆಟ್ಟಿಗೆ, ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಅಗಲ ತೋಳಿನ ದೊಡ್ಡ ಸೋಫಾಗೆ, ಊಟದ ಮೇಜಿನ ಆರು ಕುರ್ಚಿಗಳಿಗೆ. ಇಷ್ಟೂ ಕೆಲಸದಿಂದ ನನಗೆ ಗೊತ್ತಾದ ಒಂದು ಮಾತು ಇದು: ಬಣ್ಣ, ಬೆಲೆ, ನೇಯ್ಗೆಗಳಿಗಿಂತ ಮೊದಲು ಕೇಳಿಕೊಳ್ಳಬೇಕಾದ್ದು ಅಳತೆಯನ್ನು ಯಾರು ತೆಗೆಯುತ್ತಾರೆ, ಅದು ತಪ್ಪಿದರೆ ನಷ್ಟ ಯಾರ ಹೆಗಲಿಗೆ ಎಂಬುದು. ನಾಲ್ಕು ದಾರಿಗಳೂ ಈ ಪ್ರಶ್ನೆಗೆ ನಾಲ್ಕು ಬಗೆಯಲ್ಲಿ ಉತ್ತರಿಸುತ್ತವೆ.

ತೂಗುವ ಮೊದಲು ತಕ್ಕಡಿ

ಸೋಫಾದ ಎದುರು ನಿಂತು ಮೊದಲು ನೋಡಬೇಕಾದದ್ದು ಅದರ ಮೆತ್ತೆಗಳನ್ನು. ಕೂರುವ ಮೆತ್ತೆ, ಒರಗುವ ಮೆತ್ತೆಗಳು ಬಿಡಿಬಿಡಿಯಾಗಿ ಕೈಗೆ ಬರುತ್ತವೆಯೇ, ಚೌಕಟ್ಟಿಗೇ ಅಂಟಿಕೊಂಡಿವೆಯೇ? ತೇಗದ ಅಥವಾ ಬೆತ್ತದ ಸೆಟ್‌ಗಳಲ್ಲಿ ಮೆತ್ತೆ ಬಿಡಿಯಾಗಿರುತ್ತದೆ, ಮರ ಹೊರಗೆ ಕಾಣುತ್ತದೆ. ಅಂಥವಕ್ಕೆ ಇಡೀ ಸೋಫಾವನ್ನು ಮುಚ್ಚುವ ಗವಸು ಬೇಕಿಲ್ಲ. ಮೆತ್ತೆಗಳಿಗೆ ಜಿಪ್ಪು ಹಾಕಿದ ಗವಸು ಹೊಲಿಸಿದರೆ ಕೆಲಸ ಮುಗಿಯಿತು. ಮರದ ಕೆತ್ತನೆಯನ್ನು ಬಟ್ಟೆಯಲ್ಲಿ ಮುಚ್ಚಿಡುವುದು ನನಗಂತೂ ಅನ್ಯಾಯವೆನಿಸುತ್ತದೆ.

ಎರಡನೆಯದು ಒಗೆತ ಮತ್ತು ಒಣಗುವಿಕೆ. ಗವಸು ಹಾಕುವುದೇ ತೆಗೆದು ಒಗೆಯುವುದಕ್ಕೆ. ನಿಮ್ಮ ಮನೆಯಲ್ಲಿ ಅದನ್ನು ತಿಂಗಳಿಗೊಮ್ಮೆ ಒಗೆಯಬೇಕೇ, ಯುಗಾದಿ ದೀಪಾವಳಿಗೆ ಮಾತ್ರವೇ? ಒಗೆದರೆ ಒಣಗಿಸಲು ಬಿಸಿಲಿದೆಯೇ? ಕಲಬುರಗಿಯಲ್ಲಿ ದಪ್ಪ ಕ್ಯಾನ್‌ವಾಸ್ ಬಟ್ಟೆ ಮಧ್ಯಾಹ್ನಕ್ಕೆಲ್ಲ ಗರಿಗರಿಯಾಗುತ್ತದೆ. ಮಂಗಳೂರಿನಲ್ಲಿ ಆಷಾಢದ ಮಳೆಯಲ್ಲಿ ಅದೇ ಬಟ್ಟೆ ಮೂರು ದಿನ ಹಗ್ಗದ ಮೇಲಿದ್ದರೂ ಒಳಹೊಲಿಗೆಯಲ್ಲಿ ತೇವ ಉಳಿದು ಮುಗ್ಗಲು ವಾಸನೆ ಬರುತ್ತದೆ. ಒಂದೇ ಬಟ್ಟೆ ಒಂದು ಊರಿಗೆ ಒಳ್ಳೆಯದು, ಇನ್ನೊಂದು ಊರಿಗೆ ಕಷ್ಟ.

ಮೂರನೆಯದು, ಎಷ್ಟು ಬಿಗಿ ಬೇಕು ಎಂಬುದು. ಎದ್ದಾಗಲೆಲ್ಲ ಸುಕ್ಕು ಎಳೆದು ಸರಿಪಡಿಸುವುದು ಕೆಲವರಿಗೆ ತೊಂದರೆಯೇ ಅಲ್ಲ, ಇನ್ನು ಕೆಲವರಿಗೆ ಅದು ದಿನವಿಡೀ ಕಣ್ಣಿಗೆ ಚುಚ್ಚುತ್ತದೆ. ನೀವು ಯಾವ ಗುಂಪಿನವರು ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಿ. ಹಣ ಉಳಿಯುವುದೂ ಹಾಳಾಗುವುದೂ ಹೆಚ್ಚಾಗಿ ಇಲ್ಲಿಯೇ.

ಕೊನೆಯದು ಖರ್ಚು, ಅದೂ ಎಷ್ಟು ವರ್ಷಕ್ಕೆ ಎಂಬ ಲೆಕ್ಕದ ಜೊತೆಗೆ. ಎರಡು ವರ್ಷದಲ್ಲಿ ವರ್ಗವಾಗಿ ಹೋಗುವವರ ಲೆಕ್ಕವೇ ಬೇರೆ, ಸ್ವಂತ ಮನೆಯಲ್ಲಿ ಹತ್ತು ವರ್ಷ ಕೂರುವವರ ಲೆಕ್ಕವೇ ಬೇರೆ.

ಇವುಗಳ ಜೊತೆಗೆ ಒಂದು ಎಚ್ಚರಿಕೆ. ಕೂತರೆ ಕೆಳಗಿನ ಹಲಗೆ ತಾಗುತ್ತಿದ್ದರೆ ಗವಸಿನಿಂದ ಏನೂ ಸುಧಾರಿಸದು. ಮೊದಲು ಫೋಮ್ ಬದಲಿಸಿ, ಆಮೇಲೆ ಅಳತೆ ತೆಗೆಯಿರಿ. ಕುಗ್ಗಿದ ಮೆತ್ತೆಯ ಅಳತೆಗೆ ಹೊಲಿಸಿದ ಗವಸು ಹೊಸ ಫೋಮಿಗೆ ಹತ್ತುವುದೇ ಇಲ್ಲ.

ಹಿಗ್ಗುವ ಸಿದ್ಧ ಗವಸು

ಪಾಲಿಯೆಸ್ಟರಿಗೆ ಒಂದಿಷ್ಟು ಸ್ಪ್ಯಾಂಡೆಕ್ಸ್ ಸೇರಿಸಿ ಹೆಣೆದ ಬಟ್ಟೆ ಇದು. ನಾಲ್ಕೂ ದಿಕ್ಕಿಗೆ ಹಿಗ್ಗುತ್ತದೆ, ಆದ್ದರಿಂದ ನಿಖರವಾದ ಅಳತೆಯೇ ಬೇಕಿಲ್ಲ. ಮೂರು ಜನ ಕೂರುವ ಸೋಫಾದ ಗವಸೆಂದರೆ ಸಾಮಾನ್ಯವಾಗಿ 185ರಿಂದ 230 ಸೆಂಟಿಮೀಟರ್ ಅಗಲಕ್ಕೆ ಹೊಂದುವಂಥದ್ದು. ಇಲ್ಲಿ ಜನ ಮಾಡುವ ತಪ್ಪು ಒಂದೇ: ಎಷ್ಟು ಜನ ಕೂರುತ್ತಾರೆಂದು ಎಣಿಸಿ ಕೊಳ್ಳುವುದು. ಎಣಿಸಬೇಡಿ. ಒಂದು ತೋಳಿನ ಹೊರಬದಿಯಿಂದ ಇನ್ನೊಂದು ತೋಳಿನ ಹೊರಬದಿಯವರೆಗೆ ಟೇಪು ಹಿಡಿಯಿರಿ. ಅಗಲವಾದ ತೋಳುಗಳಿರುವ ಎರಡು ಜನರ ಸೋಫಾ ಕೆಲವೊಮ್ಮೆ ತೆಳುತೋಳಿನ ಮೂರು ಜನರ ಸೋಫಾಗಿಂತ ಉದ್ದವಿರುತ್ತದೆ.

ನಾಲ್ಕು ದಾರಿಗಳಲ್ಲಿ ಅಗ್ಗದ್ದು ಇದೇ. ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ಮನೆ ಬದಲಿಸಿದರೆ ಮಡಚಿ ಚೀಲಕ್ಕೆ ಹಾಕಿಕೊಳ್ಳಬಹುದು. ಕರಾವಳಿಯ ಮಳೆಗಾಲಕ್ಕೆ ಈ ಗುಣ ಚಿಕ್ಕದಲ್ಲ. ಚಿಕ್ಕ ಮಕ್ಕಳಿದ್ದು ವಾರಕ್ಕೊಮ್ಮೆ ಹಾಲೋ ಸಾರೋ ಚೆಲ್ಲುವ ಮನೆಗೆ ನಾನು ಯೋಚಿಸದೆ ಇದನ್ನೇ ಹೇಳುತ್ತೇನೆ.

ಆದರೆ ಇದು ಎಲ್ಲ ಸೋಫಾಗಳಿಗೂ ಒಗ್ಗುವುದಿಲ್ಲ. ಒರಗುವ ಮೆತ್ತೆಗಳು ಬಿಡಿಯಾಗಿದ್ದರೆ ಬಟ್ಟೆ ಒಂದರಿಂದ ಇನ್ನೊಂದಕ್ಕೆ ಡೇರೆಯಂತೆ ಬಿಗಿದು ನಿಲ್ಲುತ್ತದೆ, ಒರಗಿದಾಗ ಒಳಗೆ ಸೇರುತ್ತದೆ. ರೆಕ್ಸಿನ್ ಮತ್ತು ಚರ್ಮದ ಸೋಫಾಗಳ ಮೇಲೆ ಜಾರುತ್ತದೆ. ಮೆತ್ತೆಯ ಸಂದಿನಲ್ಲಿ ತುರುಕಲು ಅದರ ಜೊತೆ ಕೊಡುವ ಸ್ಪಂಜಿನ ಕೋಲುಗಳು ಸ್ವಲ್ಪ ತಡೆಯುತ್ತವೆ, ಪೂರ್ತಿ ತಡೆಯುವುದಿಲ್ಲ. ಕಾಲು ಚಾಚುವ ರಿಕ್ಲೈನರ್‌ಗಳಿಗೆ ಈ ಒಂದೇ ತುಂಡಿನ ಗವಸು ಆಗದು. ಬಯಲುಸೀಮೆಯ ಬೇಸಿಗೆಯಲ್ಲಿ ಪಾಲಿಯೆಸ್ಟರ್ ಮೈಗೆ ಅಂಟುತ್ತದೆ, ಬೆವರು ಹೀರುವುದಿಲ್ಲ. ಬೆಕ್ಕು ಸಾಕಿದವರಂತೂ ಕೊಳ್ಳುವ ಮೊದಲು ಎರಡು ಸಲ ಯೋಚಿಸಿ. ಉಗುರು ಸಿಕ್ಕಿ ಒಂದು ಎಳೆ ಹೊರಬಂದರೆ ಸುತ್ತಲ ಬಟ್ಟೆ ಸುರುಟಿಕೊಳ್ಳುತ್ತದೆ.

ಅಳತೆ ಕಳುಹಿಸಿ ತರಿಸುವುದು

ಇದರಲ್ಲಿ ಬಟ್ಟೆ ಆರಿಸುವವರು ನೀವು, ಅಳತೆ ತೆಗೆಯುವವರು ನೀವು, ಹೊಲಿಯುವವರು ಎಲ್ಲೋ ಇರುವ ಕಾರ್ಖಾನೆಯವರು. ಅವರು ಕೇಳಿದ ಅಂಕಿಗಳನ್ನು ತುಂಬಿ, ನಾಲ್ಕು ಕಡೆಯಿಂದ ಚಿತ್ರ ತೆಗೆದು ಕಳುಹಿಸಿದರೆ ಪೆಟ್ಟಿಗೆ ಮನೆಗೆ ಬರುತ್ತದೆ. ಅಂಕಿ ಸರಿಯಿದ್ದರೆ ಇದರಷ್ಟು ಅಚ್ಚುಕಟ್ಟಾದ ದಾರಿ ಇನ್ನೊಂದಿಲ್ಲ. ಹೊಲಿಗೆ ನೇರ, ಪೈಪಿಂಗ್ (ಅಂಚಿನಲ್ಲಿ ಒಳಗೆ ಹುರಿಯಿಟ್ಟು ಹೊಲಿಯುವ ಪಟ್ಟಿ) ಒಂದೇ ಸಮ, ಜಿಪ್ಪು ಗಟ್ಟಿ. ಅಂಕಿ ತಪ್ಪಿದ್ದರೆ ಮಾತ್ರ ಕೇಳುವವರಿಲ್ಲ. ನಿಮ್ಮ ಅಳತೆಗೇ ಕತ್ತರಿಸಿದ ವಸ್ತುವನ್ನು ಸಾಮಾನ್ಯವಾಗಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಹಾಗಾಗಿ ಅಳತೆಯ ವಿಚಾರವನ್ನು ಇಲ್ಲಿ ಬಿಡಿಸಿ ಹೇಳಬೇಕು. ನೀವು ಬೇರೆ ದಾರಿ ಹಿಡಿದರೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ಟೇಪನ್ನೇ ಪರೀಕ್ಷಿಸಿ. ಹೊಲಿಗೆ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಸುತ್ತಿಟ್ಟ ಟೇಪು ಎಳೆದು ಎಳೆದು ಹಿಗ್ಗಿರುತ್ತದೆ. ಉಕ್ಕಿನ ಅಳತೆಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡಿದರೆ ತಿಳಿಯುತ್ತದೆ. ಬಡಗಿಯ ಉಕ್ಕಿನ ಟೇಪು ನೇರ ಅಂಚಿಗೆ ಸರಿ, ತೋಳಿನ ಉಬ್ಬಿನ ಮೇಲೆ ಬಾಗದು. ಎರಡೂ ಬೇಕಾಗುತ್ತವೆ. ನಮ್ಮ ದರ್ಜಿಗಳು ಅಳೆಯುವುದು ಇಂಚಿನಲ್ಲಿ, ಅಂಗಡಿಯವರು ಬಟ್ಟೆ ಕೊಡುವುದು ಮೀಟರಿನಲ್ಲಿ, ಆನ್‌ಲೈನ್ ನಮೂನೆಗಳು ಕೇಳುವುದು ಕೆಲವೊಮ್ಮೆ ಸೆಂಟಿಮೀಟರಿನಲ್ಲಿ. ಒಂದು ಇಂಚಿಗೆ 2.54 ಸೆಂಟಿಮೀಟರ್. ಮನಸ್ಸಿನಲ್ಲೇ ಪರಿವರ್ತಿಸಿ ಬರೆಯಬೇಡಿ, ಅವರು ಕೇಳಿದ ಮಾನದಲ್ಲೇ ಮತ್ತೊಮ್ಮೆ ಅಳೆಯಿರಿ.

ಮೆತ್ತೆಯನ್ನು ಹೊರತೆಗೆದು ನೆಲದ ಮೇಲಿಡಿ. ಉಬ್ಬಿದ ನಡುಭಾಗವನ್ನು ಅಳೆಯದೆ, ಅಂಚಿನ ಒಂದು ಹೊಲಿಗೆಯಿಂದ ಎದುರಿನ ಹೊಲಿಗೆಯವರೆಗೆ ಅಳೆಯಿರಿ. ಅಗಲವನ್ನು ಮುಂದೆಯೂ ಹಿಂದೆಯೂ ನೋಡಿ. ಅನೇಕ ಮೆತ್ತೆಗಳು ಕಣ್ಣಿಗೆ ಚೌಕವೆಂದು ಕಂಡರೂ ಹಿಂಬದಿಯಲ್ಲಿ ಒಂದೆರಡು ಇಂಚು ಕಿರಿದಾಗಿರುತ್ತವೆ. ತೋಳಿನ ಮುಂದಕ್ಕೆ ಕಿವಿಯಂತೆ ಚಾಚಿಕೊಂಡ ಮೆತ್ತೆಯಿದ್ದರೆ, ಅಥವಾ ದುಂಡು ಮೂಲೆಯಿದ್ದರೆ ಅಂಕಿಗಳನ್ನು ನಂಬಬೇಡಿ. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ದೊಡ್ಡ ಹಾಳೆ ಮಾಡಿ, ಮೆತ್ತೆಯನ್ನು ಅದರ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಆ ಕಾಗದದ ಅಚ್ಚನ್ನೇ ಅಂಚೆಯಲ್ಲಿ ಕಳುಹಿಸಲು ಸಾಧ್ಯವೇ ಎಂದು ಕೇಳಿ. ಒಪ್ಪುವವರು ಸಿಕ್ಕರೆ ಅವರನ್ನೇ ಆರಿಸಿ.

ಇಡೀ ಸೋಫಾದ ಗವಸಿಗೆ ಮೆತ್ತೆಗಳನ್ನೆಲ್ಲ ತೆಗೆದಿಟ್ಟು ಅಳೆಯಬೇಕು. ಹಿಂಬದಿಯ ನೆಲದಿಂದ ಹೊರಟು ಒರಗುಬೆನ್ನನ್ನು ಹತ್ತಿ ಇಳಿದು ಕೂರುವ ಜಾಗ ಮುಟ್ಟುವವರೆಗೆ ಒಂದು ಅಳತೆ. ಅಲ್ಲಿಂದ ಮುಂದಕ್ಕೆ ಹಾಸಿ ಮುಂಭಾಗದ ನೆಲದವರೆಗೆ ಇನ್ನೊಂದು. ತೋಳಿನ ಒಳಬುಡದಿಂದ ಮೇಲೇರಿ ಹೊರಗಿನ ನೆಲದವರೆಗೆ ಮತ್ತೊಂದು. ಒರಗುಬೆನ್ನು ಮತ್ತು ಆಸನ ಕೂಡುವ ಸಂದಿನಲ್ಲಿ ಬಟ್ಟೆಯನ್ನು ಒಳಗೆ ತುರುಕಲು ನಾಲ್ಕರಿಂದ ಆರು ಇಂಚು ಹೆಚ್ಚುವರಿ ಬೇಕು. ಇದಿಲ್ಲದಿದ್ದರೆ ಯಾರಾದರೂ ಕೂತೊಡನೆ ಗವಸು ಎಳೆದುಕೊಂಡು ಮೇಲೆ ಬರುತ್ತದೆ. ಅಂಗೈಯನ್ನು ಸಂದಿನೊಳಗೆ ತೂರಿಸಿ ನೋಡಿ. ಕೈ ಮುಂದೆ ಹೋಗದಿದ್ದರೆ ಆ ಸೋಫಾದಲ್ಲಿ ಸಂದೇ ಇಲ್ಲ. ಆಗ ಹೆಚ್ಚುವರಿ ಬಟ್ಟೆ ಮುದ್ದೆಯಾಗಿ ಮೇಲೆಯೇ ಉಳಿಯುತ್ತದೆ, ಗವಸನ್ನು ಕೆಳಗೆ ಲಾಡಿಯಿಂದ ಕಟ್ಟುವಂತೆ ಹೊಲಿಸಬೇಕು.

ಎಲ್ಲಕ್ಕಿಂತ ಹೆಚ್ಚು ಗವಸುಗಳು ಕೆಡುವುದು ಹೊಲಿಗೆಯ ಅಂಚಿನ ಗೊಂದಲದಿಂದ. ಹೊಲಿಗೆಗೆಂದು ನೀವು ಒಂದು ಇಂಚು ಸೇರಿಸಿ ಕಳುಹಿಸುತ್ತೀರಿ, ಅವರೂ ಒಂದು ಇಂಚು ಸೇರಿಸುತ್ತಾರೆ. ಗವಸು ಸಡಿಲವಾಗಿ ಜೋತು ಬೀಳುತ್ತದೆ. ಅಥವಾ ಅವರು ಸೇರಿಸುತ್ತಾರೆಂದು ನೀವು, ನೀವು ಸೇರಿಸಿದ್ದೀರೆಂದು ಅವರು. ಆಗ ಜಿಪ್ಪು ಕೂಡುವುದೇ ಇಲ್ಲ. ಮೆತ್ತೆಯ ನಿಜವಾದ ಅಳತೆಯನ್ನು ಮಾತ್ರ ಬರೆಯಿರಿ, "ಇದು ಮೆತ್ತೆಯ ಅಳತೆ, ಹೊಲಿಗೆಯ ಅಂಚು ಸೇರಿಲ್ಲ" ಎಂಬ ಒಂದು ಸಾಲನ್ನು ಸೇರಿಸಿ. ಎಲ್ ಆಕಾರದ ಸೋಫಾ ಆಗಿದ್ದರೆ ಎಡ ಬಲ ಯಾವುದೆಂದೂ ಬರೆಯಬೇಕು. ಕೂತವರ ಎಡವೇ, ಎದುರು ನಿಂತು ನೋಡುವವರ ಎಡವೇ ಎಂದು ಬಿಡಿಸಿ ಹೇಳದಿದ್ದರೆ ಗವಸು ತಿರುಗುಮುರುಗಾಗಿ ಬರುತ್ತದೆ, ಅದನ್ನು ಸರಿಮಾಡಲು ದಾರಿಯೇ ಇಲ್ಲ.

ಈ ಎಚ್ಚರಿಕೆಗಳನ್ನು ಪಾಲಿಸುವ ತಾಳ್ಮೆ ಇರುವವರಿಗೆ, ನೇರ ಅಂಚುಗಳ ಸೋಫಾ ಇರುವವರಿಗೆ ಈ ದಾರಿ ತಕ್ಕದ್ದು. ಮೊದಲು ಒಂದೇ ಒಂದು ಮೆತ್ತೆಯ ಗವಸು ತರಿಸಿ ನೋಡಿ, ಸರಿ ಬಂದರೆ ಉಳಿದವನ್ನು ಹೇಳಿ. ಬಟ್ಟೆಯ ತುಣುಕುಗಳನ್ನು ತರಿಸಿಕೊಂಡು ನಿಮ್ಮ ಮನೆಯ ಬೆಳಕಿನಲ್ಲೇ ಬಣ್ಣ ನೋಡಿ. ಪರದೆಯ ಮೇಲೆ ಕಂಡ ತಿಳಿಹಸಿರು ನಮ್ಮ ಮನೆಗೆ ಬೂದಿ ಬಣ್ಣವಾಗಿ ಬಂದಿತ್ತು.

ಊರಿನ ಕೆಲಸಗಾರ

ಇಲ್ಲಿ ಅಳತೆ ತೆಗೆಯುವವನೇ ಹೊಲಿಯುತ್ತಾನೆ. ತಪ್ಪಾದರೆ ಬಿಚ್ಚಿ ಸರಿಮಾಡಿಕೊಡುತ್ತಾನೆ. ಈ ಒಂದು ಕಾರಣಕ್ಕೇ, ವಕ್ರ ತೋಳಿನ, ದುಂಡು ಬೆನ್ನಿನ, ಹಳೆಯ ಕಾಲದ ಸೋಫಾಗಳಿಗೆ ನನ್ನ ಮೊದಲ ಆಯ್ಕೆ ಇದೇ.

ಆದರೆ ಕೆಲಸಗಾರರಲ್ಲಿ ಮೂರು ಬಗೆ. ಬಟ್ಟೆ ಹೊಲಿಯುವ ದರ್ಜಿ ಜಿಪ್ಪು, ಪೈಪಿಂಗ್, ನೆರಿಗೆ ಎಲ್ಲವನ್ನೂ ಚೆನ್ನಾಗಿ ಬಲ್ಲ. ಆದರೆ ಅವನ ಯಂತ್ರ ರವಿಕೆ ಅಂಗಿಗಳಿಗೆ ಹೊಂದಿಸಿದ್ದು. ನಾಲ್ಕು ಪದರ ದಪ್ಪ ಬಟ್ಟೆ ಬಂದಾಗ ಸೂಜಿ ಮುರಿಯುತ್ತದೆ, ಹೊಲಿಗೆ ತಪ್ಪುತ್ತದೆ. ಬಿಡಿ ಮೆತ್ತೆಗಳಿಗೆ, ಕುರ್ಚಿಗಳಿಗೆ, ಮಧ್ಯಮ ದಪ್ಪದ ಹತ್ತಿ ಬಟ್ಟೆಗೆ ಅವನೇ ಸಾಕು. ಸೋಫಾ ಕಟ್ಟುವವನು ಆಕಾರವನ್ನು ಕಣ್ಣಲ್ಲೇ ಅಳೆಯಬಲ್ಲವನು. ಆದರೆ ಬಟ್ಟೆಯನ್ನು ಎಳೆದು ಪಿನ್ನು ಹೊಡೆದು ಕೂರಿಸುವುದು ಅವನ ಅಭ್ಯಾಸ. "ತೆಗೆದು ಒಗೆಯುವಂತಿರಬೇಕು" ಎಂದು ಮೊದಲೇ, ಎರಡೆರಡು ಸಲ ಹೇಳದಿದ್ದರೆ ಗವಸಿನ ಬದಲು ಹೊಸ ಹೊದಿಕೆಯನ್ನೇ ಜಡಿದು ಹೋಗುತ್ತಾನೆ. ಮೂರನೆಯವನನ್ನು ಜನ ಮರೆಯುತ್ತಾರೆ: ಬಸ್ ನಿಲ್ದಾಣದ ಆಸುಪಾಸಿನಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳ ಸೀಟ್ ಕವರ್ ಹೊಲಿಯುವವನು. ಅವನ ಯಂತ್ರ ಭಾರವಾದದ್ದು, ವಕ್ರಗಳಿಗೆ ಬಟ್ಟೆ ಕತ್ತರಿಸುವುದರಲ್ಲಿ ಅವನ ಕೈ ಪಳಗಿರುತ್ತದೆ. ಕ್ಯಾನ್‌ವಾಸ್ ಗವಸು, ಹೊರಜಗಲಿಯ ಕುರ್ಚಿಗಳ ರೆಕ್ಸಿನ್ ಗವಸುಗಳನ್ನು ನಾನು ಮಾಡಿಸಿದ್ದು ಅಂಥ ಒಬ್ಬರ ಹತ್ತಿರ. ಆರು ವರ್ಷವಾದರೂ ಒಂದು ಹೊಲಿಗೆಯೂ ಬಿಟ್ಟಿಲ್ಲ.

ಬಟ್ಟೆ ನೀವೇ ಕೊಂಡು ಕೊಡುವುದೇ ಒಳ್ಳೆಯದು. ಬೆಂಗಳೂರಿನವರಿಗೆ ಚಿಕ್ಕಪೇಟೆ ಇದೆ, ಜಿಲ್ಲಾ ಕೇಂದ್ರಗಳಲ್ಲಿ ಪರದೆ ಬಟ್ಟೆ ಮಾರುವ ಅಂಗಡಿಗಳಿವೆ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬಟ್ಟೆಯ ಪನ್ನ, ಅಂದರೆ ಅಗಲ, ಎಷ್ಟು ಎಂಬುದು. ಸೋಫಾ ಬಟ್ಟೆಯ ಪನ್ನ ಸಾಮಾನ್ಯವಾಗಿ 54 ಇಂಚು. ಕೈಮಗ್ಗದ ಮತ್ತು ಖಾದಿ ಬಟ್ಟೆಗಳಲ್ಲಿ 36 ಇಂಚಿನವೂ ಇರುತ್ತವೆ. ಈ ವ್ಯತ್ಯಾಸ ಎಷ್ಟು ದುಬಾರಿ ಎಂದು ನೋಡಿ. 24 ಇಂಚು ಚೌಕದ, ಐದು ಇಂಚು ದಪ್ಪದ ಒಂದು ಮೆತ್ತೆ ಇದೆ ಎಂದುಕೊಳ್ಳಿ. ಹೊಲಿಗೆ ಅಂಚು ಸೇರಿಸಿ ಮೇಲಿಗೂ ಕೆಳಗೂ 25 ಇಂಚಿನ ಎರಡು ಚೌಕಗಳು ಬೇಕು. 54 ಇಂಚಿನ ಪನ್ನದಲ್ಲಿ ಅವೆರಡೂ ಪಕ್ಕಪಕ್ಕದಲ್ಲಿ ಕೂರುತ್ತವೆ. ಸುತ್ತಲ ಪಟ್ಟಿಯೂ ಸೇರಿ ಒಂದು ಮೀಟರಿನಲ್ಲಿ ಮುಗಿಯುತ್ತದೆ. 36 ಇಂಚಿನ ಪನ್ನದಲ್ಲಿ ಚೌಕಗಳು ಒಂದರ ಕೆಳಗೊಂದು ಬರಬೇಕು. ಅದೇ ಮೆತ್ತೆಗೆ ಒಂದೂವರೆ ಮೀಟರಿಗೂ ಹೆಚ್ಚು ಬೇಕಾಗುತ್ತದೆ. ಮೀಟರಿನ ಬೆಲೆ ಕಡಿಮೆ ಎಂದು ಸಣ್ಣ ಪನ್ನದ ಬಟ್ಟೆ ಕೊಂಡವರು ಒಟ್ಟು ಲೆಕ್ಕದಲ್ಲಿ ಹೆಚ್ಚು ಕೊಟ್ಟಿರುತ್ತಾರೆ.

ಆರು ಬಿಡಿ ಮೆತ್ತೆಗಳಿರುವ, 78 ಇಂಚು ಅಗಲದ ಸೋಫಾಗೆ 54 ಇಂಚಿನ ಪನ್ನದಲ್ಲಿ ಮೈಗೆ ಏಳೂವರೆ ಮೀಟರ್, ಮೆತ್ತೆಗಳಿಗೆ ಆರು ಮೀಟರ್ ಬೇಕಾಗುತ್ತದೆ. ಕುಗ್ಗುವಿಕೆಗೂ ಸೇರಿಸಿ 14 ಮೀಟರ್ ಎಂದು ಇಟ್ಟುಕೊಳ್ಳಿ. ಮೀಟರಿಗೆ 300 ರೂಪಾಯಿಯ ಬಟ್ಟೆಯಾದರೆ ಬಟ್ಟೆಗೇ 4,200 ರೂಪಾಯಿ, ಹೊಲಿಗೆ ಕೂಲಿ ಬೇರೆ. ದೊಡ್ಡ ಹೂವಿನ ಅಥವಾ ಚೌಕುಳಿಯ ಬಟ್ಟೆಯಾದರೆ ಚಿತ್ತಾರ ಹೊಂದಿಸಲು ಇನ್ನೂ ಒಂದೂವರೆ ಎರಡು ಮೀಟರ್ ಹೋಗುತ್ತದೆ. ಅಡ್ಡಗೆರೆ ಉದ್ದಗೆರೆಗಳಿರುವ ಬಟ್ಟೆಗೆ ಇನ್ನೊಂದು ತೊಡಕಿದೆ. ಒರಗುಬೆನ್ನಿನ ಉದ್ದಕ್ಕೆ ನಡುವೆ ಜೋಡಣೆ ಬಾರದಿರಲೆಂದು ಬಟ್ಟೆಯನ್ನು ಅಡ್ಡ ತಿರುಗಿಸಿ ಕತ್ತರಿಸುತ್ತಾರೆ. ಗೆರೆಯ ಬಟ್ಟೆಯನ್ನು ಹಾಗೆ ತಿರುಗಿಸಿದರೆ ಬೆನ್ನಿನಲ್ಲಿ ಗೆರೆ ಮಲಗುತ್ತದೆ, ತೋಳಿನಲ್ಲಿ ನಿಲ್ಲುತ್ತದೆ. ಬಜೆಟ್ ಬಿಗಿಯಾಗಿದ್ದರೆ ಚಿತ್ತಾರವಿಲ್ಲದ ಬಟ್ಟೆಯೇ ಲೇಸು.

ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ನೆನೆಸಿ ಒಣಗಿಸಬೇಕು. ಇದನ್ನು ನಾನು ನಷ್ಟದಿಂದ ಕಲಿತೆ. ಅಮ್ಮನ ಬೆತ್ತದ ಸೆಟ್ಟಿಗೆಂದು ತಂದ ಹತ್ತಿ ಬಟ್ಟೆಯನ್ನು ಹಬ್ಬದ ಅವಸರದಲ್ಲಿ ಹಾಗೆಯೇ ದರ್ಜಿಗೆ ಕೊಟ್ಟೆ. ದೀಪಾವಳಿಗೆ ಗವಸು ಮೆತ್ತೆಗೆ ಚರ್ಮದಂತೆ ಕೂತಿತ್ತು. ಸಂಕ್ರಾಂತಿಗೆ ಮೊದಲ ಒಗೆತವಾದ ಮೇಲೆ ಒಂದರ ಜಿಪ್ಪೂ ಕೂಡಲಿಲ್ಲ. ನೆನೆಸದ ಹತ್ತಿ ನೂರಕ್ಕೆ ಐದರಷ್ಟು ಕುಗ್ಗುವುದು ಸಾಮಾನ್ಯ. 24 ಇಂಚಿನ ಮೆತ್ತೆಯಲ್ಲಿ ಅದು ಒಂದು ಇಂಚಿಗೂ ಹೆಚ್ಚು, 80 ಇಂಚಿನ ಒರಗುಬೆನ್ನಿನಲ್ಲಿ ನಾಲ್ಕು ಇಂಚು. ಆ ಹನ್ನೆರಡು ಗವಸುಗಳನ್ನು ಬಿಚ್ಚಿ ಅಮ್ಮ ಕೈಚೀಲ ಮಾಡಿದರು. ಪೈಪಿಂಗಿನೊಳಗೆ ಹಾಕುವ ಹತ್ತಿಯ ಹುರಿಯನ್ನೂ ನೆನೆಸಿ ಒಣಗಿಸಿ ಕೊಡಿ. ಬಟ್ಟೆ ಕುಗ್ಗದೆ ಹುರಿ ಮಾತ್ರ ಕುಗ್ಗಿದರೂ ಅಂಚೆಲ್ಲ ಸುರುಟುತ್ತದೆ.

ಈ ದಾರಿಯ ಕಷ್ಟ ಸಮಯದ್ದು. ಗಣೇಶ ಚೌತಿಯಿಂದ ದೀಪಾವಳಿಯವರೆಗೆ ಮತ್ತು ಮದುವೆಯ ತಿಂಗಳುಗಳಲ್ಲಿ ಒಳ್ಳೆಯ ಕೆಲಸಗಾರ ಕೈಗೆ ಸಿಗುವುದು ಅಪರೂಪ. ಆಷಾಢದಲ್ಲಿ ಕೇಳಿ. ಅವನಿಗೂ ಬಿಡುವಿರುತ್ತದೆ, ಕೂಲಿಯ ಮಾತೂ ಸಲೀಸಾಗುತ್ತದೆ.

ನಾವೇ ಹೊಲಿಯುವುದು

ಮನೆಯ ಯಂತ್ರದಲ್ಲಿ ಸೋಫಾ ಗವಸು ಹೊಲಿಯಬಹುದೇ? ಖಂಡಿತ ಹೊಲಿಯಬಹುದು, ಬಟ್ಟೆಯನ್ನು ಅರಿತು ಆರಿಸಿಕೊಂಡರೆ. ಕೇಸ್‌ಮೆಂಟ್ ಎಂಬ ಸಾದಾ ನೇಯ್ಗೆಯ ಹತ್ತಿ, ಮಧ್ಯಮ ದಪ್ಪದ ಕೈಮಗ್ಗದ ಬಟ್ಟೆಗಳಿಗೆ 16ನೇ ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ, ಸ್ವಲ್ಪ ಉದ್ದನೆಯ ಹೊಲಿಗೆ ಹಾಕಿದರೆ ಸಾಧಾರಣ ಯಂತ್ರವೂ ನಡೆಸುತ್ತದೆ. ದಪ್ಪ ಕ್ಯಾನ್‌ವಾಸಿಗೆ ಕೈ ಹಾಕಬೇಡಿ.

ಈ ದಾರಿಗೆ ಒಂದು ದೊಡ್ಡ ಅನುಕೂಲವಿದೆ. ಇದರಲ್ಲಿ ಅಂಕಿಗಳೇ ಬೇಕಿಲ್ಲ. ಹಳೆಯ ಪಂಚೆಯನ್ನೋ ಹರಿದ ಹಾಸಿಗೆ ಹೊದಿಕೆಯನ್ನೋ ಸೋಫಾದ ಮೇಲೆ ಹಾಸಿ, ಹೊಲಿಗೆ ಬರುವಲ್ಲೆಲ್ಲ ಗುಂಡುಪಿನ್ನು ಚುಚ್ಚಿ, ಸೀಮೆಸುಣ್ಣದಿಂದ ಗೆರೆ ಎಳೆದು ಬಿಚ್ಚಿದರೆ ಅದೇ ಅಚ್ಚು. ಒಳಮಗ್ಗುಲನ್ನು ಹೊರಗೆ ಮಾಡಿ ಹಾಸುವುದನ್ನು ಮರೆಯಬಾರದು. ಟೇಪಿಗೆ ಸಿಗದ ಉಬ್ಬು ತಗ್ಗುಗಳೆಲ್ಲ ಆ ಪಂಚೆಗೆ ಸಿಗುತ್ತವೆ. ಬಟ್ಟೆಯ ಹಾಸು ಎಳೆ, ಅಂದರೆ ಉದ್ದದ ಎಳೆ, ನೇರವಾಗಿ ಮೇಲಿನಿಂದ ಕೆಳಕ್ಕೆ ಬರುವಂತೆ ನೋಡಿಕೊಳ್ಳಿ. ಓರೆಯಾಗಿ ಕತ್ತರಿಸಿದ ತುಂಡು ಆರು ತಿಂಗಳಲ್ಲಿ ಜೋಲುತ್ತದೆ. ಪೈಪಿಂಗಿನ ಪಟ್ಟಿಯನ್ನು ಮಾತ್ರ ಬೇಕೆಂದೇ ಓರೆಗೆ ಕತ್ತರಿಸಬೇಕು, ಆಗಲೇ ಅದು ಮೂಲೆಯಲ್ಲಿ ಸುಕ್ಕಿಲ್ಲದೆ ತಿರುಗುವುದು.

ಉಳಿಯುವುದು ಕೂಲಿ, ತಗಲುವುದು ದಿನಗಳು. ಹೊಲಿಗೆ ಬಲ್ಲವರಿಗೂ ಇಡೀ ಸೋಫಾಗೆ ನಾಲ್ಕೈದು ಭಾನುವಾರಗಳು ಬೇಕು. ಹೊಸಬರು ಊಟದ ಕುರ್ಚಿಯ ಗವಸಿನಿಂದ ಆರಂಭಿಸಿ, ಆಮೇಲೆ ಮೆತ್ತೆ, ಕೊನೆಗೆ ಸೋಫಾದ ಮೈ. ಜಿಪ್ಪು ಹಾಕಲು ಅಂಜಿಕೆಯಿದ್ದರೆ ದಿಂಬಿನ ಗವಸಿನಂತೆ ಹಿಂದೆ ಆರು ಇಂಚು ಒಂದರ ಮೇಲೊಂದು ಬರುವಂತೆ ಮಡಚಿ ಹೊಲಿಯಿರಿ, ಗೋಡೆಯ ಕಡೆ ತಿರುಗಿಸಿಟ್ಟರೆ ಯಾರಿಗೂ ಕಾಣದು.

ಹೊಲಿಗೆಯೇ ಇಲ್ಲದ ದಾರಿಯೂ ಒಂದಿದೆ: ಜಮಖಾನೆಯನ್ನೋ ಸೋಲಾಪುರದ ಚಾದರವನ್ನೋ ಮಡಚಿ ಹಾಸುವುದು. ದಿವಾನಿಗೆ, ನೇರ ಬೆಂಚಿಗೆ ಇದು ಸೊಗಸು. ತೋಳಿರುವ ಸೋಫಾದ ಮೇಲೆ ದಿನಕ್ಕೆ ಹತ್ತು ಸಲ ಎಳೆದು ಸರಿಮಾಡಬೇಕಾಗುತ್ತದೆ.

ಯಾರಿಗೆ ಯಾವುದು

ಬಾಡಿಗೆ ಮನೆ, ವರ್ಗವಾಗುವ ಕೆಲಸ, ಪುಟ್ಟ ಮಕ್ಕಳು: ಇವುಗಳಲ್ಲಿ ಯಾವ ಎರಡು ಇದ್ದರೂ ಹಿಗ್ಗುವ ಗವಸನ್ನೇ ಕೊಳ್ಳಿ. ಅದೂ ಎರಡು, ಒಂದು ಒಗೆತದಲ್ಲಿರುವಾಗ ಇನ್ನೊಂದು ಮೇಲಿರಲಿ. ಮಕ್ಕಳು ದೊಡ್ಡವರಾದ ಮೇಲೆ ಒಳ್ಳೆಯ ಬಟ್ಟೆಗೆ ಹಣ ಹಾಕಬಹುದು.

ತೇಗ ಅಥವಾ ಬೆತ್ತದ ಸೆಟ್ ಇರುವವರು ಇಡೀ ಸೋಫಾದ ಯೋಚನೆ ಬಿಟ್ಟು ಮೆತ್ತೆಗಳ ಗವಸನ್ನು ದರ್ಜಿಯಿಂದ ಹೊಲಿಸಿ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಖರ್ಚು ಅರ್ಧಕ್ಕಿಳಿಯುತ್ತದೆ, ನೋಟ ಇಮ್ಮಡಿಯಾಗುತ್ತದೆ.

ನೇರ ಅಂಚಿನ ಹೊಸ ಮಾದರಿಯ ಸೋಫಾ, ಇಬ್ಬರೂ ಕೆಲಸಕ್ಕೆ ಹೋಗುವ ಮನೆ, ಕೆಲಸಗಾರನಿಗಾಗಿ ಕಾಯಲು ಸಮಯವಿಲ್ಲ ಎಂದರೆ ಅಳತೆ ಕಳುಹಿಸುವ ದಾರಿ. ಅಳತೆಗೆ ಮಾತ್ರ ಒಂದು ಇಡೀ ಬೆಳಗನ್ನು ಮೀಸಲಿಡಿ, ಇಬ್ಬರೂ ಬೇರೆ ಬೇರೆ ಅಳೆದು ಅಂಕಿಗಳನ್ನು ಹೋಲಿಸಿ. ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದಲ್ಲಿ ಮತ್ತೆ ಅಳೆಯಿರಿ. ಐಕಿಯಾದಂಥ ಕಂಪನಿಗಳ ಸೋಫಾ ಆಗಿದ್ದರೆ ಅದೇ ಮಾದರಿಗೆ ಅವರೇ ಮಾಡಿದ ಬದಲಿ ಗವಸು ಇನ್ನೂ ಸಿಗುತ್ತದೆಯೇ ಎಂದು ಮೊದಲು ನೋಡಿ. ಸಿಕ್ಕರೆ ಈ ಶ್ರಮವೇ ಉಳಿಯಿತು.

ಅಜ್ಜನ ಕಾಲದ ದುಂಡು ತೋಳಿನ ಸೋಫಾ ಇದ್ದು, ಅದನ್ನು ಮುಂದಿನವರಿಗೂ ಉಳಿಸುವ ಆಸೆಯಿದ್ದರೆ ಊರಿನ ಕೆಲಸಗಾರನೇ ಗತಿ. ಒಮ್ಮೆ ಕೊಟ್ಟ ಹಣ ದೊಡ್ಡದೆನಿಸಿದರೂ ಹತ್ತು ವರ್ಷಕ್ಕೆ ಹಂಚಿದರೆ ಹಗುರ.

ಹಾಸಿಗೆ ಬಿಟ್ಟು ಸೋಫಾದಲ್ಲೇ ಹೆಚ್ಚು ಹೊತ್ತು ಕಳೆಯುವ ಹಿರಿಯರಿರುವ ಮನೆಯವರು ಎರಡು ಪದರ ಮಾಡಿಸಿ: ಒಳಗೆ ನೀರಿಳಿಯದ ತೆಳು ಗವಸು, ಹೊರಗೆ ಮೆತ್ತನೆಯ ಹತ್ತಿ. ನಮ್ಮ ಅಜ್ಜಿಯ ಕೊನೆಯ ವರ್ಷಗಳಲ್ಲಿ ಈ ಒಳಪದರ ಅವರ ಸಂಕೋಚವನ್ನು ಎಷ್ಟು ಕಡಿಮೆ ಮಾಡಿತೆಂದು ನಾನು ಕಣ್ಣಾರೆ ಕಂಡಿದ್ದೇನೆ. ಕೂರುವ ಮೆತ್ತೆಗೆ ಮಾತ್ರ ಮಾಡಿದರೆ ಸಾಕು, ಇಡೀ ಸೋಫಾಗೆ ಬೇಕಿಲ್ಲ.

ಎರಡು ದಾರಿಗಳನ್ನು ಬೆರೆಸಲೂಬಹುದು. ಹೆಚ್ಚು ಮಾಸುವುದು ಕೂರುವ ಮೆತ್ತೆ ಮತ್ತು ತೋಳಿನ ಮುಂಭಾಗ. ಮೈಗೆ ಒಳ್ಳೆಯ ಬಟ್ಟೆಯಲ್ಲಿ ಒಂದೇ ಗವಸು ಹೊಲಿಸಿ, ಕೂರುವ ಮೆತ್ತೆಗಳಿಗೆ ಎರಡು ಜೊತೆ ಮಾಡಿಸಿ, ತೋಳಿಗೆ ಒಂದು ಗೇಣಿನಷ್ಟು ಅಗಲದ ಬಿಡಿ ಹೊದಿಕೆ ಹಾಕಿ. ನಮ್ಮ ಮನೆಯಲ್ಲಿ ಈಗಿರುವುದು ಇದೇ ಏರ್ಪಾಡು.

ಯಾವ ದಾರಿ ಹಿಡಿದರೂ ಗವಸು ಕೈಗೆ ಬಂದ ದಿನವೇ ಒಗೆಯುವ ಮೊದಲು ಹಾಕಿ ನೋಡಿ, ಮೂಲೆಗಳನ್ನೂ ಜಿಪ್ಪನ್ನೂ ಪರೀಕ್ಷಿಸಿ, ಕೊರತೆ ಕಂಡರೆ ಕೂಡಲೇ ತಿಳಿಸಿ. ಒಮ್ಮೆ ಒಗೆದ ಬಟ್ಟೆಯ ಬಗ್ಗೆ ಯಾರೂ ದೂರು ಕೇಳುವುದಿಲ್ಲ. ಉಳಿದ ತುಂಡು ಬಟ್ಟೆಯನ್ನು ತೇಪೆಗೆಂದು ಕೇಳಿ ತೆಗೆದುಕೊಳ್ಳಿ, ಗವಸಿನ ಜೊತೆಯಲ್ಲೇ ಅದನ್ನೂ ಒಗೆಯುತ್ತಿರಿ, ಇಲ್ಲವಾದರೆ ತೇಪೆ ಹಾಕುವ ದಿನ ಬಣ್ಣ ಹೊಂದುವುದಿಲ್ಲ. ಅಳತೆ ಬರೆದ ಹಾಳೆಗೆ ತಾರೀಖು ಹಾಕಿ, ದಿನಪತ್ರಿಕೆಯ ಅಚ್ಚಿನ ಜೊತೆ ಸುತ್ತಿ, ಸೋಫಾದ ಹಿಂಬದಿಯ ಕೆಳಗೆ ಸಿಕ್ಕಿಸಿಡಿ. ಮುಂದಿನ ಸಲ ಟೇಪು ಹುಡುಕಬೇಕಾಗಿಲ್ಲ.